ಶ್ರೀರಂಗ: ರಂಗಮಂದಿರವಿಲ್ಲದ ನಾಟಕಕಾರ

ಶ್ರೀರಂಗ ಎಂಬ ಕಾವ್ಯನಾಮದ ಆದ್ಯ ರಂಗಾಚಾರ್ಯರು 1904ರ ಸೆಪ್ಟೆಂಬರ್ 26ರಂದು ವಿಜಾಪುರ ಜಿಲ್ಲೆ ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಹುಟ್ಟಿದರು. ಅಫಜಲಪುರ ತಾಲ್ಲೂಕಿನ ಸೊನ್ನದವರಿಗೆ ಅಗರಖೇಡ ಪರಸ್ಥಳವೇನಲ್ಲ. ಎರಡೂ ಭೀಮೆಯ ಸೀಮೆಯ ಊರುಗಳೇ. ಆದರೆ ಆ ಕಾಲದ ನಕಾಶೆಯಲ್ಲಿ ಇಂಡಿ ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿತ್ತು, ಅಫಜಲಪುರ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ. ಓದಿ ಮುಂದೆ ಬರಬೇಕೆಂದ ಅಫಜಲಪುರದ ಹುಡುಗ ಉರ್ದು ಕಲಿತು ಹೈದರಾಬಾದಿನ ಕಡೆ ಮುಖ ಮಾಡಬೇಕು. ಇಂಡಿಯ ಹುಡುಗ ವಿಜಾಪುರ ದಾಟಿ ಪುಣೆಯ ದಾರಿ ಹಿಡಿಯಬೇಕು. ರಂಗಾಚಾರ್ಯರು ಹೋದದ್ದು ಪುಣೆಗೆ, ಡೆಕ್ಕನ್ ಕಾಲೇಜಿಗೆ. ಮರಾಠಿ ರಂಗಭೂಮಿ ಆಗ ಅಲ್ಲಿ ಏರುಹೊತ್ತಿನಲ್ಲಿತ್ತು. ಮನೆತನ ಸಂಪ್ರದಾಯಸ್ಥ ವೈಷ್ಣವರದು, ಅಡ್ಡಹೆಸರು ಜಾಗೀರದಾರ. ಅವರ ಆರಂಭದ ವಿದ್ವತ್ ಗ್ರಂಥಗಳೆಲ್ಲ ಆರ್. ವಿ. ಜಾಗೀರದಾರ ಎಂಬ ಹೆಸರಿನಲ್ಲೇ ಅಚ್ಚಾದವು. ‘ಆದ್ಯ’ ಆಮೇಲೆ ಬಂದದ್ದು, ‘ಶ್ರೀರಂಗ’ ನಾಟಕಕ್ಕಾಗಿ ಇಟ್ಟುಕೊಂಡದ್ದು.

ಶ್ರೀರಂಗರು ಏನನ್ನು ಬಿಟ್ಟು ಹೊರಟರು ಎಂಬುದು ತಿಳಿಯಬೇಕಾದರೆ ಅವರ ಬಾಲ್ಯದ ಉತ್ತರ ಕರ್ನಾಟಕದ ನಾಟಕವನ್ನು ನೋಡಬೇಕು. 1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಮರಾಠಿ ನಾಟಕಗಳ ಹಾವಳಿಗೆ ಎದುರಾಗಿ ಕನ್ನಡ ಮಂಡಳಿ ಕಟ್ಟಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವಾಮನರಾವ್ ಮಾಸ್ತರರು, ಗರುಡ ಸದಾಶಿವರಾಯರು ಮೊದಲಾದವರ ಕಂಪನಿಗಳು ಊರೂರಿಗೆ ಕ್ಯಾಂಪು ಹಾಕುತ್ತಿದ್ದವು. ಜಾತ್ರೆ ನೆರೆದಲ್ಲಿ ತಗಡಿನ ಥೇಟರು ಏಳುತ್ತಿತ್ತು. ರಾತ್ರಿ ನಾಂದಿಯಾಗಿ, ಕಾಲಪೆಟಗಿ ಬಾರಿಸುವವ ಸುರು ಮಾಡಿದರೆ ಆಟ ಮುಗಿಯುವುದು ಬೆಳಗಿನ ಜಾವಕ್ಕೆ. ಅರಮನೆ, ಅರಣ್ಯ, ಬೀದಿ ಎಂದು ಬಣ್ಣ ಬಳಿದ ಪರದೆಗಳು ಒಂದರ ಹಿಂದೊಂದು ಸುತ್ತಿಕೊಂಡು ಮೇಲೇರುತ್ತಿದ್ದವು. ರಾಜ ಸಿಟ್ಟಾದರೆ ಹಾಡು, ರಾಣಿ ಅತ್ತರೆ ಹಾಡು. ಹಾಡು ಚಂದಾದರೆ ಮಂದಿ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು. ಇದನ್ನು ಬರೀ ಹಾಸ್ಯವೆಂದು ತಳ್ಳಿಹಾಕುವುದು ಅನ್ಯಾಯ. ಆ ರಂಗಭೂಮಿಗೆ ಟಿಕೀಟು ಕೊಂಡು ಬರುವ ಸಾವಿರಾರು ಜನರಿದ್ದರು, ಅನ್ನ ಉಣ್ಣುವ ನಟರಿದ್ದರು. ಶ್ರೀರಂಗರಿಗೆ ಕಡೆಯತನಕ ದಕ್ಕದೇ ಹೋದದ್ದು ಇವೆರಡೇ.

ಪುಣೆಯಿಂದ ಅವರು ಸಂಸ್ಕೃತ ಮತ್ತು ಭಾಷಾಶಾಸ್ತ್ರದ ಅಭ್ಯಾಸಕ್ಕೆ ಲಂಡನ್ನಿಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದ ಎಂ.ಎ. ಪಡೆದು 1928ರಲ್ಲಿ ಮರಳಿದರು. ಆ ವರುಷಗಳ ಲಂಡನ್ನಿನ ನಾಟಕಲೋಕದಲ್ಲಿ ದೊಡ್ಡ ಹೆಸರು ಒಬ್ಬ ಐರಿಷ್ ಮನುಷ್ಯನದು. ಜಾರ್ಜ್ ಬರ್ನಾರ್ಡ್ ಷಾ 1856ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿ, ಇಪ್ಪತ್ತರ ವಯಸ್ಸಿಗೆ ಲಂಡನ್ನಿಗೆ ಬಂದವನು. ಬರೆದ ಐದು ಕಾದಂಬರಿಗಳು ನೆಲಕಚ್ಚಿದವು. ಸಂಗೀತ ವಿಮರ್ಶೆ, ನಾಟಕ ವಿಮರ್ಶೆ ಬರೆದು ಹೊಟ್ಟೆ ಹೊರೆದ. ಫೇಬಿಯನ್ ಸೊಸೈಟಿ ಸೇರಿ ಸಮಾಜವಾದದ ಭಾಷಣ ಮಾಡಿದ. 1892ರ ಮೊದಲ ನಾಟಕದಲ್ಲೇ, ಮರ್ಯಾದಸ್ಥರ ಊಟದ ತಟ್ಟೆಗೆ ಕೊಳಚೆಕೇರಿಯ ಬಾಡಿಗೆ ಹೇಗೆ ಬಂದು ಬೀಳುತ್ತದೆ ಎಂಬುದನ್ನು ರಂಗದ ಮೇಲಿಟ್ಟ. ಮರುವರ್ಷ ಬರೆದ ‘ಮಿಸೆಸ್ ವಾರೆನ್ಸ್ ಪ್ರೊಫೆಷನ್’ ನಾಟಕವನ್ನು ಸರಕಾರದ ಪರೀಕ್ಷಕರು ತಡೆದರು. ಲಂಡನ್ನಿನಲ್ಲಿ ಅದರ ಬಹಿರಂಗ ಪ್ರಯೋಗಕ್ಕೆ 1925ರವರೆಗೆ ಕಾಯಬೇಕಾಯಿತು. ಥೇಟರಿನವರು ಬಾಗಿಲು ತೆರೆಯದಿದ್ದಾಗ ಷಾ ಕಂಡುಕೊಂಡ ಉಪಾಯ ಅಚ್ಚಿನದು. 1898ರಲ್ಲಿ ನಾಟಕಗಳನ್ನು ಎರಡು ಸಂಪುಟಗಳಾಗಿ ಪ್ರಕಟಿಸಿ, ಉದ್ದುದ್ದ ಮುನ್ನುಡಿ ಬರೆದು, ರಂಗಸೂಚನೆಗಳನ್ನು ಕಾದಂಬರಿಯ ವರ್ಣನೆಯಂತೆ ಹಿಗ್ಗಿಸಿದ. ನೋಡಲಾರದವನು ಓದಲಿ ಎಂಬ ಲೆಕ್ಕ ಅದು. 1904ರಿಂದ 1907ರವರೆಗೆ ಲಂಡನ್ನಿನ ಕೋರ್ಟ್ ಥಿಯೇಟರಿನಲ್ಲಿ ಗ್ರ್ಯಾನ್ವಿಲ್ ಬಾರ್ಕರ್ ಅವನ ನಾಟಕಗಳನ್ನು ಸಾಲಾಗಿ ಆಡಿಸಿದ ಮೇಲೆ ಷಾಗೆ ಸ್ವಂತ ನಟರು, ಸ್ವಂತ ಪ್ರೇಕ್ಷಕರು ಸಿಕ್ಕರು. 1925ರ ನೊಬೆಲ್ ಬಂದಾಗ ಅವನಿಗೆ ಎಪ್ಪತ್ತು ತುಂಬಿತ್ತು. ತಾಯ್ನೆಲದಲ್ಲೂ ನಾಟಕಕ್ಕೆ ಮನೆಯಿತ್ತು: ಯೇಟ್ಸ್ ಮತ್ತು ಲೇಡಿ ಗ್ರೆಗರಿ ಸೇರಿ ಕಟ್ಟಿದ ಆಬಿ ಥಿಯೇಟರ್ ಡಬ್ಲಿನ್ನಿನಲ್ಲಿ ಬಾಗಿಲು ತೆರೆದದ್ದು 1904ರ ಡಿಸೆಂಬರಿನಲ್ಲಿ, ಶ್ರೀರಂಗರು ಹುಟ್ಟಿದ ಮೂರು ತಿಂಗಳಿಗೆ.

ಧಾರವಾಡಕ್ಕೆ ಮರಳಿದ ತರುಣನಿಗೆ ಸಿಕ್ಕಿದ್ದು ಕರ್ನಾಟಕ ಕಾಲೇಜಿನ ಸಂಸ್ಕೃತ ಅಧ್ಯಾಪಕರ ಹುದ್ದೆ. 1928ರಿಂದ 1948ರವರೆಗೆ, ಇಪ್ಪತ್ತು ವರ್ಷ, ಅವರು ಅಲ್ಲಿ ಕಾಳಿದಾಸ, ಭಾಸರನ್ನು ಕಲಿಸಿದರು. 1932ರಲ್ಲಿ ಇಂಡೋ-ಆರ್ಯನ್ ಭಾಷೆಗಳ ತೌಲನಿಕ ಅಧ್ಯಯನದ ಪುಸ್ತಕ ತಂದರು. ಹಗಲು ಪಾಣಿನಿ, ರಾತ್ರಿ ಪ್ರಹಸನ ಎಂಬಂಥ ಬದುಕು. 1930ರ ‘ಉದರ ವೈರಾಗ್ಯ’ ಅವರ ಮೊದಲ ನಾಟಕ. ಹೊಟ್ಟೆಪಾಡಿಗೆ ಕಾವಿಯುಟ್ಟ ವೈರಾಗ್ಯದ ಸೋಗನ್ನು ಅದು ಲೇವಡಿ ಮಾಡಿತು. ಕೆಲವೇ ವರ್ಷಗಳಲ್ಲಿ ಬಂದ ‘ಹರಿಜನ್ವಾರ’ ಇನ್ನೂ ಮುಂದೆ ಹೋಯಿತು. ಗಾಂಧೀಜಿಯ ಅಸ್ಪೃಶ್ಯತಾ ನಿವಾರಣೆಯ ಚಳವಳಿ ದೇಶದಲ್ಲೆಲ್ಲ ಮಾತಾಗಿದ್ದ ಹೊತ್ತು. ಬ್ರಾಹ್ಮಣ ಮನೆಯೊಳಗೇ, ಜನಿವಾರದ ಪಾವಿತ್ರ್ಯವನ್ನು ಇಟ್ಟುಕೊಂಡೇ ಆ ಪ್ರಶ್ನೆಯನ್ನು ಎತ್ತಿದ ನಾಟಕ ಸನಾತನಿಗಳ ಸಿಟ್ಟಿಗೆ ಗುರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಟೀಕಿಸಿದವನು ಹೊರಗಿನವನಾಗಿದ್ದರೆ ನಿವಾರಿಸಿಕೊಳ್ಳಬಹುದಿತ್ತು. ಈತ ಆಚಾರ್ಯರ ಮನೆತನದವನು, ಶ್ಲೋಕಕ್ಕೆ ಶ್ಲೋಕ ಎದುರಿಡಬಲ್ಲವನು. ‘ಪ್ರಪಂಚ ಪಾಣಿಪತ್ತು’, ‘ನರಕದಲ್ಲಿ ನರಸಿಂಹ’, 1939ರ ‘ಸಂಧ್ಯಾಕಾಲ’ ಇದೇ ದಾರಿಯವು. ಹೆಸರುಗಳಲ್ಲಿಯೇ ಚೇಷ್ಟೆ, ಒಳಗೆ ಮದುವೆ, ವರದಕ್ಷಿಣೆ, ಮಡಿ, ನೌಕರಿ, ದೇಶಭಕ್ತಿಗಳ ಮೇಲೆ ವಾದ.

ಈ ಕಾಲದ ಶ್ರೀರಂಗರನ್ನು ‘ಕನ್ನಡದ ಷಾ’ ಎಂದು ಕರೆಯುವ ವಾಡಿಕೆ ಬಿದ್ದಿತು. ಅರ್ಧ ನಿಜ. ರಂಗದ ಮೇಲೆ ಮಾತೇ ಕ್ರಿಯೆ, ವಾದವೇ ಹೊಡೆದಾಟ ಎಂಬ ನಂಬಿಕೆ ಇಬ್ಬರದೂ. ಹಾಡು, ಪರದೆ, ಪೌರಾಣಿಕ ರಾಜರನ್ನು ಆಚೆಗಿಟ್ಟು ನಡುಮನೆಯನ್ನು ರಂಗ ಮಾಡಿಕೊಂಡದ್ದೂ ಒಂದೇ. ಮೈಸೂರು ಕಡೆ ಟಿ. ಪಿ. ಕೈಲಾಸಂ ಇದನ್ನು ಆಗಲೇ ಮಾಡಿ ತೋರಿಸಿದ್ದರು. ಭೂವಿಜ್ಞಾನ ಕಲಿಯಲು ಲಂಡನ್ನಿಗೆ ಹೋಗಿ ನಾಟಕದ ಹುಚ್ಚು ಹಿಡಿಸಿಕೊಂಡು ಬಂದವರು ಅವರು. ಕೈಲಾಸಂ ಪಾತ್ರಗಳು ಅರೆ ಇಂಗ್ಲಿಷ್ ಅರೆ ಕನ್ನಡದಲ್ಲಿ ನಗಿಸಿ ಕರುಳು ಹಿಂಡುತ್ತವೆ. ಶ್ರೀರಂಗರ ಪಾತ್ರಗಳು ಧಾರವಾಡದ ಆಡುಮಾತಿನಲ್ಲಿ ಚುಚ್ಚುತ್ತವೆ, ಕರುಳಿನ ಗೋಜಿಗೆ ಹೋಗುವುದು ಕಡಿಮೆ. ಅವರ ದೊಡ್ಡ ದೌರ್ಬಲ್ಯವೂ ಅಲ್ಲೇ ಇದೆ. ಅನೇಕ ನಾಟಕಗಳಲ್ಲಿ ಮಾವ, ಸೊಸೆ, ಮಗ, ಮನೆಗೆ ಬಂದ ಗೆಳೆಯ ಎಲ್ಲರೂ ಒಂದೇ ಚುರುಕಿನಿಂದ ಮಾತಾಡುತ್ತಾರೆ. ಹೆಸರು ಮುಚ್ಚಿ ಓದಿದರೆ ಯಾರ ಮಾತು ಯಾವುದೆಂದು ಗುರುತಿಸುವುದು ಕಷ್ಟ. ಷಾ ನಾಟಕಗಳ ಮೇಲೂ ಇದೇ ದೂರಿತ್ತು ನಿಜ, ಆದರೆ ಅವನ ಕೈಯಲ್ಲಿ ಪಳಗಿದ ನಟವರ್ಗವಿತ್ತು. ಒಬ್ಬೊಬ್ಬರ ದನಿ, ನಡೆಯಿಂದ ಆ ಕೊರತೆ ತುಂಬಿಬರುತ್ತಿತ್ತು.

ಶ್ರೀರಂಗರ ನಟರು ಯಾರು? ವಿದ್ಯಾರ್ಥಿಗಳು, ಮಾಸ್ತರರು, ಕಚೇರಿಯ ಗುಮಾಸ್ತರು, ವಕೀಲರು. ಕಾಲೇಜಿನ ವಾರ್ಷಿಕ ಗ್ಯಾದರಿಂಗು, ಗಣಪತಿ ಹಬ್ಬ, ನಾಡಹಬ್ಬಗಳೇ ಅವರ ಸೀಜನ್ನು. ಇದ್ದ ಸಭಾಂಗಣದಲ್ಲಿ ಬೆಂಚು ಸರಿಸಿ, ಮನೆಯಿಂದ ತಂದ ಕುರ್ಚಿ, ಟೇಬಲ್ಲು ಇಟ್ಟರೆ ರಂಗ ಸಿದ್ಧ. ಒಂದು ರಾತ್ರಿಯ ಪ್ರಯೋಗವಾದರೆ ಹೆಚ್ಚು, ಎರಡಾದರೆ ಉತ್ಸವ. ಹೆಣ್ಣುಪಾತ್ರಕ್ಕೆ ಮೀಸೆ ಬೋಳಿಸಿದ ಹುಡುಗನನ್ನೇ ಹುಡುಕಬೇಕಾದ ಪರಿಸ್ಥಿತಿ ಬಹುಕಾಲ ಇತ್ತು. ಕಂಪನಿಗಳಲ್ಲಿ ನಟಿಯರಿದ್ದರೂ ಓದಿದ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ರಂಗದ ಮೇಲೆ ಕಳಿಸುತ್ತಿರಲಿಲ್ಲ. ಇಂಥ ತಂಡಗಳಿಗೆ ಹೇಳಿ ಮಾಡಿಸಿದ ರೂಪ ಏಕಾಂಕ. ನಾಲ್ಕು ಪಾತ್ರ, ಒಂದು ಕೋಣೆ, ಮುಕ್ಕಾಲು ತಾಸು. ಶ್ರೀರಂಗರು ಅರವತ್ತಕ್ಕೂ ಹೆಚ್ಚು ಏಕಾಂಕಗಳನ್ನು ಬರೆದದ್ದಕ್ಕೆ ಅವರ ಒಲವಿನಷ್ಟೇ ಈ ಗರಜೂ ಕಾರಣ. ಅವರ ಬಿಗಿಯಾದ ಬರವಣಿಗೆ ಹೆಚ್ಚಾಗಿ ಕಾಣುವುದೂ ಅಲ್ಲಿಯೇ, ಏಕೆಂದರೆ ಭಾಷಣಕ್ಕೆ ಅಲ್ಲಿ ಜಾಗವಿಲ್ಲ. ಮೂರಂಕದ ನಾಟಕಗಳಲ್ಲಿ ಎರಡನೆಯ ಅಂಕದ ಹೊತ್ತಿಗೆ ಕತೆ ಮುಗಿದು ಚರ್ಚೆ ಉಳಿದುಬಿಡುವುದುಂಟು.

ರಂಗಮಂದಿರ ಸಿಗದ ನಾಟಕಕ್ಕೆ ಅಚ್ಚಿನ ಮನೆ ಮಾತ್ರ ಸಿಕ್ಕಿತು. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಚಂದಾದಾರರಿಗೆ ಪುಸ್ತಕಗಳನ್ನು ಮನೆಗೆ ಮುಟ್ಟಿಸುವ ಏರ್ಪಾಡು ಅದು. ಕೊಂಡವರಲ್ಲಿ ಹೆಚ್ಚಿನವರು ನಾಟಕವನ್ನು ರಂಗದ ಮೇಲೆ ಕಾಣುವ ಮೊದಲೇ ಓದಿದರು. ಷಾ 1898ರಲ್ಲಿ ಹೂಡಿದ ಆಟವನ್ನೇ ಜೋಶಿ ಮತ್ತು ಅವರ ಗೆಳೆಯರು ಧಾರವಾಡದಲ್ಲಿ ಹೂಡಿದಂತಾಯಿತು, ಇಲ್ಲಿ ಬಂಡವಾಳ ಮಾತ್ರ ಬಹಳ ತೆಳ್ಳಗಿತ್ತು. ಶ್ರೀರಂಗರ ಕಾದಂಬರಿ ‘ವಿಶ್ವಾಮಿತ್ರನ ಸೃಷ್ಟಿ’ 1934ರಲ್ಲಿ ಬಂದಿತು. ಕತೆ ಹೇಳುವುದಕ್ಕಿಂತ ಮನಸ್ಸಿನ ಒಳಗನ್ನು ಬಗೆಯುವ ಕಾದಂಬರಿ ಕನ್ನಡಕ್ಕೆ ಆಗ ಹೊಸದು. ‘ಪುರುಷಾರ್ಥ’, ‘ಅನಾದಿ ಅನಂತ’ ಮೊದಲಾದವು ಆಮೇಲಿನವು. ಕಾದಂಬರಿಕಾರ ಶ್ರೀರಂಗರಿಗೆ ಸಲ್ಲಬೇಕಾದಷ್ಟು ಓದುಗರು ಸಂದಿಲ್ಲ. ನಾಟಕದ ಹೆಸರು ಆ ಪುಸ್ತಕಗಳಿಗೆ ಮರೆಯಾಯಿತು.

1947ರಲ್ಲಿ ಮುಂಬಯಿಯಿಂದ ಹೊರಬಂದ ಅವರ ಇಂಗ್ಲಿಷ್ ಗ್ರಂಥ ‘ಡ್ರಾಮಾ ಇನ್ ಸಂಸ್ಕೃತ್ ಲಿಟರೇಚರ್’ ಅವರ ಬಾಳಿನ ನಡುಗಂಬದಂತಿದೆ. ಸಂಸ್ಕೃತ ನಾಟಕ ಯಜ್ಞ, ಪೂಜೆಗಳಿಂದ ಹುಟ್ಟಿತು ಎಂಬ, ಸೂತ್ರದ ಬೊಂಬೆಯಾಟದಿಂದ ಬಂದಿತು ಎಂಬ ಪಾಶ್ಚಾತ್ಯ ವಿದ್ವಾಂಸರ ವಾದಗಳನ್ನು ಅವರು ಒಪ್ಪಲಿಲ್ಲ. ನಾಟಕದ ಬೇರು ಮಹಾಕಾವ್ಯಗಳನ್ನು ಊರೂರಲ್ಲಿ ಹೇಳುತ್ತ, ಹಾಡುತ್ತ ತಿರುಗಿದ ಸೂತರ ವಾಚನದಲ್ಲಿದೆ. ಸೂತ್ರಧಾರ ಆ ಸೂತನ ವಂಶದವನು ಎಂಬುದು ಅವರ ವಾದ. ದೊಡ್ಡಾಟದ ಭಾಗವತನನ್ನು, ಪಾರಿಜಾತದ ಮೇಳವನ್ನು, ಗುಡಿಯಲ್ಲಿ ಭಾರತ ಓದುವ ಗಮಕಿಯನ್ನು ನೋಡಿ ಬೆಳೆದ ಭೀಮಾಸೀಮೆಯವನಿಗೆ ಈ ವಾದ ಪುಸ್ತಕದಿಂದಷ್ಟೇ ಹೊಳೆದಿರಲಾರದು. ವಿದ್ವತ್ತಿನಲ್ಲಿ ಈ ಅಭಿಪ್ರಾಯಕ್ಕೆ ಎಷ್ಟು ಬೆಲೆ ಎಂಬುದು ಬೇರೆ ಮಾತು. ನಾಟಕಕಾರನಿಗೆ ಅದು ಮುಂದಿನ ದಾರಿ ತೋರಿಸಿತು. ಷಾನಿಂದ ಅವರು ಬೇರೆಯಾಗುವುದು ಇಲ್ಲಿಂದ.

ಮರುವರ್ಷ, 1948ರಲ್ಲಿ, ಕಾಲೇಜಿನ ನೌಕರಿ ಬಿಟ್ಟರು. ಸ್ವಾತಂತ್ರ್ಯದ ಹೊಸ ಉತ್ಸಾಹ ಇನ್ನೂ ಆರದಿದ್ದ 1952ರಲ್ಲೇ ‘ಶೋಕಚಕ್ರ’ ಬರೆದರು. ಧ್ವಜದ ಮೇಲಿನ ಚಕ್ರಕ್ಕೆ ಹೆಸರಿನಲ್ಲೇ ಕೈಹಾಕಿದ ಈ ನಾಟಕ, ತ್ಯಾಗ ಮಾಡಿದವರು ಮೂಲೆಗೆ ಸರಿದು ಅಧಿಕಾರ ಬಲ್ಲವರು ಮುಂದೆ ಬರುವುದನ್ನು ಬಿಚ್ಚಿ ತೋರಿಸುತ್ತದೆ. ಅದರ ಕಹಿ ಆಗ ಹಲವರಿಗೆ ಅತಿ ಎನಿಸಿರಬೇಕು. ಆಮೇಲಿನವರಿಗೆ ಹಾಗೆ ಅನಿಸಿಲ್ಲ.

1956ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀರಂಗರು ಅಧ್ಯಕ್ಷರಾದರು. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬಂದು ವಿಜಾಪುರ, ಧಾರವಾಡಗಳ ಜೊತೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷದ ನವೆಂಬರ್ 1ಕ್ಕೆ. ಭೀಮೆಯ ಎರಡು ಕಡೆಯ ತಾಲ್ಲೂಕುಗಳು ಒಂದೇ ರಾಜ್ಯದವಾದವು. ಅದೇ ವರ್ಷ ಸಂಗೀತ ನಾಟಕ ಅಕಾಡೆಮಿ ದಿಲ್ಲಿಯಲ್ಲಿ ನಡೆಸಿದ ನಾಟಕ ವಿಚಾರಗೋಷ್ಠಿಯಲ್ಲೂ ಅವರು ಭಾಗವಹಿಸಿದರು. ಸ್ವತಂತ್ರ ಭಾರತದ ರಂಗಭೂಮಿ ಪಶ್ಚಿಮದ ಚೌಕಟ್ಟಿನೊಳಗೇ ಇರಬೇಕೆ, ನಮ್ಮ ಹಳೆಯ ಆಟಗಳಿಂದ ಏನನ್ನಾದರೂ ಪಡೆಯಬಹುದೆ ಎಂಬ ಚರ್ಚೆಗೆ ಆ ಗೋಷ್ಠಿ ನಾಂದಿಯಾಯಿತು. ಶ್ರೀರಂಗರ ಪಾಲಿಗೆ ಈ ಪ್ರಶ್ನೆ ಹತ್ತು ವರ್ಷ ಹಳೆಯದು.

ಉತ್ತರ ಎರಡು ನಾಟಕಗಳಾಗಿ ಬಂದಿತು. 1959ರ ‘ಕತ್ತಲೆ ಬೆಳಕು’ ನಾಟಕದ ಬಗ್ಗೆಯೇ ಬರೆದ ನಾಟಕ. ಪ್ರೇಕ್ಷಕ ಕುಳಿತ ಕತ್ತಲೆಗೂ ನಟ ನಿಂತ ಬೆಳಕಿಗೂ ನಡುವಿನ ಗೋಡೆಯನ್ನು ಅದು ಒಡೆಯುತ್ತದೆ. ಮರುವರ್ಷದ ‘ಕೇಳು ಜನಮೇಜಯ’ ಅವರ ಕೃತಿಗಳಲ್ಲಿ ಎದ್ದು ಕಾಣುವಂಥದು. ಜನಮೇಜಯ ತನ್ನ ಹಿರಿಯರ ಕತೆಯನ್ನು ಕುಳಿತು ಕೇಳಿದ ರಾಜ. ಕೇಳಿಸಿಕೊಂಡದ್ದು ಅಣ್ಣತಮ್ಮಂದಿರು ರಾಜ್ಯಕ್ಕಾಗಿ ಒಬ್ಬರನ್ನೊಬ್ಬರು ಕೊಂದ ಕತೆ. ಗಮಕ ಕೇಳಿ ಗೊತ್ತಿರುವ ಕನ್ನಡ ಪ್ರೇಕ್ಷಕನಿಗೆ ಆ ಸಂಬೋಧನೆ ಕಿವಿಗೆ ಬಿದ್ದ ಕೂಡಲೇ ಭಾರತವಾಚನ ಸುರುವಾಯಿತೆಂಬ ನಿರೀಕ್ಷೆ ಏಳುತ್ತದೆ. ರಂಗದ ಮೇಲೆ ಬರುವವರು ಮಾತ್ರ ಪಾಂಡವರೂ ಅಲ್ಲ, ಕೌರವರೂ ಅಲ್ಲ, ಇವತ್ತಿನ ಮಂದಿ. ನಡುಮನೆಯ ನಾಟಕದಲ್ಲಿದ್ದ ಹೆಸರು, ಗೋತ್ರ, ನೌಕರಿಗಳ ವಿವರ ಕಳಚಿ ಅವರು ಮಾದರಿಗಳಾಗಿ ನಿಲ್ಲುತ್ತಾರೆ. ಸೂತ್ರಧಾರ ನಾಂದಿಗೆ ಬಂದು ಹೋಗುವವನಲ್ಲ, ಆಟದ ಒಳಗೂ ಹೊರಗೂ ಓಡಾಡುವವನು. ಹಾಗಾದರೆ ಜನಮೇಜಯ ಯಾರು? ಕುರ್ಚಿಯಲ್ಲಿ ಕುಳಿತು ಕೇಳುತ್ತಿರುವವನೇ. ಇಪ್ಪತ್ತು ವರ್ಷ ಸಂಸ್ಕೃತ ಕಲಿಸಿದ ಅಧ್ಯಾಪಕನೂ ಮೂವತ್ತು ವರ್ಷ ಪ್ರಹಸನ ಬರೆದ ನಾಟಕಕಾರನೂ ಒಂದಾಗುವುದು ಈ ಕೃತಿಯಲ್ಲಿ. ಷಾ ತೊಂಬತ್ತು ದಾಟಿದ ಮೇಲೂ, ಎಷ್ಟೇ ಪ್ರಯೋಗ ಮಾಡಿದರೂ, ಚರ್ಚೆಯ ನಾಟಕವನ್ನು ಬಿಟ್ಟುಕೊಡಲಿಲ್ಲ. ಶ್ರೀರಂಗರು ಚರ್ಚೆಯನ್ನು ಸೂತ್ರಧಾರನ ಬಾಯಿಗೆ ಕೊಟ್ಟು ಪಾತ್ರಗಳನ್ನು ಹಗುರ ಮಾಡಿಕೊಂಡರು. ಹಳೆಯ ದೂರಿಗೆ ಇದು ಸಿಕ್ಕ ಪರಿಹಾರ: ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡಿದರೂ ಇಲ್ಲಿ ತಪ್ಪೆನಿಸುವುದಿಲ್ಲ, ಏಕೆಂದರೆ ಎಲ್ಲವೂ ಒಬ್ಬ ಕತೆಗಾರ ಹೇಳುತ್ತಿರುವ ಕತೆ.

ನಾಟಕ ‘ಸುನೋ ಜನಮೇಜಯ’ ಎಂದು ಹಿಂದಿಗೆ ಹೋಯಿತು; ಆ ಅನುವಾದದಲ್ಲಿ ಬಿ. ವಿ. ಕಾರಂತರ ಕೈಯಿತ್ತು. ಗುಬ್ಬಿ ಕಂಪನಿಯಲ್ಲಿ ಬೆಳೆದು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಕಾರಂತರಿಗೆ ಶ್ರೀರಂಗರ ಈ ನಾಟಕ ಹಿಡಿಸಿದ್ದು ಸಹಜ. ಬೇರೆ ಭಾಷೆಯ ರಂಗಕರ್ಮಿಗಳು ಕನ್ನಡದ ಆಧುನಿಕ ನಾಟಕವನ್ನು ಗಮನಿಸಿದ್ದು ಈ ಕೃತಿಯಿಂದ; ಕಾರ್ನಾಡರ ‘ತುಘಲಕ್’ ಅದಾದ ಮೇಲಿನದು. ಶ್ರೀರಂಗರು ಆಮೇಲೆ ‘ರಂಗಭಾರತ’, ‘ದಾರಿ ಯಾವುದಯ್ಯಾ ವೈಕುಂಠಕೆ’, ‘ಸ್ವರ್ಗಕ್ಕೆ ಮೂರೇ ಬಾಗಿಲು’, ‘ಏನು ಬೇಡಲಿ ನಿನ್ನ ಬಳಿಗೆ ಬಂದು’, ‘ಸಮಗ್ರ ಮಂಥನ’ ಮೊದಲಾದವುಗಳನ್ನು ಬರೆದರು. ಶೀರ್ಷಿಕೆಗಳಲ್ಲಿ ದಾಸರ ಪದಗಳ ದನಿ ಕೇಳುತ್ತದೆ, ಒಳಗಿನದು ಲೌಕಿಕದ ಜಗಳ. ಇವುಗಳಲ್ಲಿ ‘ಕೇಳು ಜನಮೇಜಯ’ದ ಬಿಗಿ ಮತ್ತೆ ಬಂದದ್ದು ಅಪರೂಪ. ದೊಡ್ಡ ನಾಟಕಗಳ ಒಟ್ಟು ಸಂಖ್ಯೆ ನಲವತ್ತನ್ನು ಮೀರುತ್ತದೆ; ಅಷ್ಟು ಬರೆದವರಲ್ಲಿ ಏರುಪೇರು ಇರುವುದೇ.

ಹವ್ಯಾಸಿಗಳಿಗೆ ಸುಸಜ್ಜಿತ ರಂಗಮಂದಿರ ದೊರೆತದ್ದು ತಡವಾಗಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ತೆರೆದಾಗ 1963. ಶ್ರೀರಂಗರು ಅರವತ್ತರ ಅಂಚಿನಲ್ಲಿದ್ದರು. ಆ ಮಂದಿರ ತುಂಬಿಸಿದ ಪೀಳಿಗೆ ಬೇರೆಯದಾಗಿತ್ತು. ಆ ಪೀಳಿಗೆಯ ಮುಂದೆ ಇದ್ದ ಐರಿಷ್ ನಾಟಕಕಾರನೂ ಬೇರೆ: 1953ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬಾರಿ ಆಡಿದ ‘ವೇಟಿಂಗ್ ಫಾರ್ ಗೋಡೋ’ದ ಸ್ಯಾಮ್ಯುಯಲ್ ಬೆಕೆಟ್. ಲಂಕೇಶ, ಕಂಬಾರರ ಆರಂಭದ ನಾಟಕಗಳಲ್ಲಿ ಬೆಕೆಟ್ಟನ ಅಸಂಗತ ನಾಟಕದ ಗಾಳಿ ಇದೆ. ಕಲಬುರಗಿಯವರೇ ಆದ ಚಿತ್ರಕಾರ, ಲೇಖಕ ಚಂದ್ರಕಾಂತ ಕುಸನೂರರು ‘ಆನಿ ಬಂತೊಂದಾನಿ’, ‘ರತ್ತೋ ರತ್ತೋ ರಾಯನ ಮಗಳೆ’ ಎಂದು ಮಕ್ಕಳಾಟದ ಹಾಡಿನ ಹೆಸರಿಟ್ಟು, ಆ ಸೀಮೆಯ ಮಾತಿನಲ್ಲಿ ಅಸಂಗತ ನಾಟಕ ಬರೆದರು. ಷಾನ ಹಾದಿಯ ವಾದ ಅಲ್ಲಿ ಪೂರ್ತಿ ಕಳಚಿಬಿದ್ದಿದೆ. ಮಾತು ಮಾತಿಗೆ ತಾಳೆಯಾಗದೇ ಇರುವುದೇ ಅಲ್ಲಿನ ವಸ್ತು. ಮನೆಯ ಕೋಣೆಯಿಂದ ಹೆಸರಿಲ್ಲದ ಪಾತ್ರಗಳ ಕಡೆ ಕನ್ನಡ ನಾಟಕವನ್ನು ಶ್ರೀರಂಗರು ಆಗಲೇ ಅರ್ಧ ದಾರಿ ತಂದು ಬಿಟ್ಟಿದ್ದರು ಎಂಬುದನ್ನು ಈ ಪೀಳಿಗೆಯ ಬಗ್ಗೆ ಬರೆಯುವವರು ಹಲವು ಸಲ ಮರೆಯುತ್ತಾರೆ.

ಕೊನೆಯ ಎರಡು ದಶಕಗಳಲ್ಲಿ ಶ್ರೀರಂಗರ ಲೇಖನಿ ನಾಟಕಕ್ಕಿಂತ ನಾಟಕದ ವಿಚಾರದ ಕಡೆ ಹೆಚ್ಚು ಓಡಿತು. 1966ರಲ್ಲಿ ಭರತನ ನಾಟ್ಯಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಒಂದು ಪ್ರವೇಶಿಕೆ ಬರೆದರು. ನ್ಯಾಷನಲ್ ಬುಕ್ ಟ್ರಸ್ಟಿಗಾಗಿ ಭಾರತೀಯ ರಂಗಭೂಮಿಯ ಪರಿಚಯ ಗ್ರಂಥ ಸಿದ್ಧಮಾಡಿಕೊಟ್ಟರು. ‘ಕಾಳಿದಾಸ’ ಎಂಬ ಕನ್ನಡ ವಿಮರ್ಶಾಗ್ರಂಥಕ್ಕೆ 1971ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಾಟಕಕಾರನಿಗೆ ನಾಟಕಕ್ಕಲ್ಲ, ವಿಮರ್ಶೆಗೆ ಆ ಗೌರವ ಸಂದಿತು. 1972ರಲ್ಲಿ ಪದ್ಮಭೂಷಣ. ‘ಸಾಹಿತಿಯ ಆತ್ಮಜಿಜ್ಞಾಸೆ’ ಅವರು ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡ ಪುಸ್ತಕ. ಬೇರೆಯವರ ಮೇಲೆ ಪ್ರಯೋಗಿಸಿದ ಮೊನಚು ಅದರಲ್ಲಿ ಲೇಖಕನ ಕಡೆ ತಿರುಗಿದೆ. ಮಗಳು ಶಶಿ ದೇಶಪಾಂಡೆ ಇಂಗ್ಲಿಷಿನಲ್ಲಿ ಕಾದಂಬರಿಗಾರ್ತಿಯಾಗಿ ಹೆಸರಾದರು. ನಡುಮನೆಯ ಒಳಗಿನ ಮಾತು, ಮಾತಿನ ಒಳಗಿನ ಮೌನ ಅವರ ವಸ್ತು. 2018ರ ತಮ್ಮ ನೆನಪಿನ ಪುಸ್ತಕದಲ್ಲಿ ಧಾರವಾಡದ ಆ ಮನೆಯನ್ನೂ ತಂದೆಯನ್ನೂ ಕುರಿತು ಬರೆದಿದ್ದಾರೆ.

ಶ್ರೀರಂಗರು 1984ರ ಅಕ್ಟೋಬರ್ 17ರಂದು ತೀರಿಕೊಂಡರು. ಅವರು ಮಾಡಿದ ನಾಟ್ಯಶಾಸ್ತ್ರದ ಇಂಗ್ಲಿಷ್ ಅನುವಾದ, ವಿಮರ್ಶಾತ್ಮಕ ಟಿಪ್ಪಣಿಗಳ ಸಮೇತ, ಬೆಂಗಳೂರಿನಲ್ಲಿ 1986ರಲ್ಲಿ ಪ್ರಕಟವಾಯಿತು. ಒಂದು ದಶಕದ ಬಳಿಕ ದಿಲ್ಲಿಯಲ್ಲಿ ಮರುಮುದ್ರಣಗೊಂಡ ಆ ಪುಸ್ತಕ ಕನ್ನಡ ಬಾರದ ನಾಟಕ ಮತ್ತು ನೃತ್ಯ ವಿದ್ಯಾರ್ಥಿಗಳ ಕೈಯಲ್ಲೂ ಇಂದು ಓಡಾಡುತ್ತಿದೆ.